ಮನೆ ತೆರವು ಮತ್ತು ಕಸ ಸಾಗಣೆ ಕೆಲಸದಲ್ಲಿ ಆರೋಗ್ಯ ಹಾಗೂ ಸುರಕ್ಷತೆ: ಓಂ ಬೀಚ್ ಹಾಗೂ ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಗೋಕರ್ಣದ ಸಮೀಪವಿರುವ ಓಂ ಬೀಚ್, ಎರಡು ಅರ್ಧವೃತ್ತಾಕಾರದ ದಂಡೆಗಳು ಕೂಡಿ ಓಂಕಾರದ ಆಕೃತಿಯನ್ನು ಪಡೆದ ಕಡಲತೀರವಾಗಿದೆ. ವಾಹನ ಮಾರ್ಗವು ಗುಡ್ಡದ ಮೇಲೆಯೇ ಮುಗಿಯುತ್ತದೆ. ಆದುದರಿಂದ ದಂಡೆಯಲ್ಲಿ ಸಂಗ್ರಹವಾಗುವ ಕಸವನ್ನು ಕೆಲಸಗಾರರು ಮೆಟ್ಟಿಲುಗಳ ಮೂಲಕ ಹೊತ್ತು ಮೇಲಕ್ಕೆ ತರಬೇಕಾಗುತ್ತದೆ. ಕರಾವಳಿಯ ಹಳೆಯ ಹಂಚಿನ ಮನೆಗಳನ್ನು ತೆರವು ಮಾಡಿ ವಸತಿಗೃಹ ಅಥವಾ ಹೋಂ ಸ್ಟೇಗಳಾಗಿ ಮಾರ್ಪಡಿಸುವಾಗಲೂ ಇಂಥ ಶ್ರಮವೇ ಬೇಕಾಗುತ್ತದೆ. ಈ ಕೆಲಸದಲ್ಲಿ ಒದಗಬಹುದಾದ ಅಪಾಯಗಳು ಹಾಗೂ ಸೇವೆಗಾಗಿ ಅರ್ಜಿ ಸಲ್ಲಿಸುವ ನಾಗರಿಕರ ಹೊಣೆಗಳನ್ನು ಇಲ್ಲಿ ವಿವರಿಸಲಾಗಿದೆ.

2. ಅರ್ಜಿ ಸಲ್ಲಿಸುವ ಮುನ್ನ

ಮನೆ ತೆರವಿನ ಕಸವನ್ನು ಸಾಗಿಸಲು ಆಯಾ ಸ್ಥಳೀಯ ಸಂಸ್ಥೆಯನ್ನು ಸಂಪರ್ಕಿಸತಕ್ಕದ್ದು. ಅರ್ಜಿಯಲ್ಲಿ ಕಸದ ಅಂದಾಜು ಪ್ರಮಾಣ ಮತ್ತು ಬಗೆ, ವಾಹನವು ಎಲ್ಲಿಯವರೆಗೆ ಬರಬಲ್ಲದು, ಹಾಗೂ ಆವರಣದಲ್ಲಿ ಪಾಳು ಬಾವಿ, ಶೌಚಗುಂಡಿ ಅಥವಾ ಕುಸಿಯುವಂಥ ಗೋಡೆ ಇದೆಯೇ ಎಂಬುದನ್ನು ತಿಳಿಸುವುದು ಸೂಕ್ತ. ಮುಚ್ಚಳ ಶಿಥಿಲಗೊಂಡ ಗುಂಡಿಯ ಮಾಹಿತಿ ಮನೆಯವರಿಗೆ ಮಾತ್ರ ಇರುತ್ತದೆ. ಅದನ್ನು ತಿಳಿಸದಿದ್ದಲ್ಲಿ ಕೆಲಸಗಾರರ ಪ್ರಾಣಕ್ಕೆ ಅಪಾಯವಾಗುತ್ತದೆ.

ಘನತ್ಯಾಜ್ಯ ನಿರ್ವಹಣಾ ನಿಯಮಗಳು, 2016 ಮೂಲದಲ್ಲಿಯೇ ವಿಂಗಡಣೆಯನ್ನು ಕಡ್ಡಾಯಗೊಳಿಸಿದ್ದವು. ಅವುಗಳ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಹೊರಡಿಸಲಾದ 2026ರ ನಿಯಮಗಳು ನಾಲ್ಕು ಬಗೆಯ ವಿಂಗಡಣೆಯನ್ನು ವಿಧಿಸುತ್ತವೆ.

ಅ) ಹಸಿ ಕಸ: ಅಡುಗೆ ಮನೆಯ ಕಸ, ಎಲೆ, ಹೂವು.
ಆ) ಒಣ ಕಸ: ಕಾಗದ, ಪ್ಲಾಸ್ಟಿಕ್, ಲೋಹ, ಗಾಜು.
ಇ) ನೈರ್ಮಲ್ಯ ತ್ಯಾಜ್ಯ: ಡೈಪರ್, ಸ್ಯಾನಿಟರಿ ಪ್ಯಾಡ್ ಮುಂತಾದವು. ಇವನ್ನು ಪ್ರತ್ಯೇಕವಾಗಿ ಸುತ್ತಿ ಕೊಡತಕ್ಕದ್ದು.
ಈ) ವಿಶೇಷ ನಿಗಾ ತ್ಯಾಜ್ಯ: ಬಣ್ಣದ ಡಬ್ಬಿ, ಬಲ್ಬು, ಪಾದರಸದ ಥರ್ಮಾಮೀಟರ್, ಅವಧಿ ಮೀರಿದ ಔಷಧಿ.

ಒಡೆದ ಗಾಜನ್ನು ದಪ್ಪ ರಟ್ಟಿನಲ್ಲಿ ಸುತ್ತಿ ಅದರ ಮೇಲೆ 'ಗಾಜು' ಎಂದು ಬರೆಯಬೇಕು. ಇಂಜೆಕ್ಷನ್ ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಮುಚ್ಚಿಡಬೇಕು. ಚೀಲದೊಳಗೆ ಅಡಗಿದ ಒಂದು ಸೂಜಿಯಿಂದ ಹೆಪಟೈಟಿಸ್ ಬಿ ಮತ್ತು ಎಚ್‌ಐವಿ ಸೋಂಕು ತಗಲುವ ಸಂಭವವಿದೆ.

3. ಹಳೆಯ ಮನೆಗಳ ತೆರವು

ಅಟ್ಟ ಮತ್ತು ಕೊಟ್ಟಿಗೆಗಳಲ್ಲಿ ಇಲಿಗಳ ಹಿಕ್ಕೆ ಹಾಗೂ ಮೂತ್ರ ಬಿದ್ದಿರುವುದು ಸಾಮಾನ್ಯ. ಒಣಗಿದ ಧೂಳನ್ನು ನೇರವಾಗಿ ಗುಡಿಸದೆ, ನೀರು ಚಿಮುಕಿಸಿ ತೇವಗೊಳಿಸಿದ ನಂತರವೇ ತೆಗೆಯತಕ್ಕದ್ದು. ಜೀರ್ಣಗೊಂಡ ಪಕಾಸಿ, ರೀಪುಗಳ ಮೇಲೆ ಕಾಲಿಟ್ಟು ಹಂಚು ಇಳಿಸಬಾರದು. ಕಲ್ನಾರಿನ ಶೀಟುಗಳನ್ನು ಕೊಯ್ಯುವುದಾಗಲಿ ಒಡೆಯುವುದಾಗಲಿ ಸಲ್ಲದು. ಅದರ ಸೂಕ್ಷ್ಮ ನಾರುಗಳು ಶ್ವಾಸಕೋಶವನ್ನು ಸೇರಿ ಅನೇಕ ವರ್ಷಗಳ ನಂತರ ಕ್ಯಾನ್ಸರ್ ಉಂಟುಮಾಡಬಲ್ಲವು. ಬ್ಲೀಚಿಂಗ್ ಪುಡಿ ಮತ್ತು ಆಸಿಡ್‌ಗಳನ್ನು ಎಂದಿಗೂ ಬೆರೆಸಬಾರದು. ಬೆರೆಸಿದಲ್ಲಿ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಸೌದೆ ರಾಶಿ ಹಾಗೂ ಹಂಚಿನ ರಾಶಿಗಳಲ್ಲಿ ಹಾವುಗಳಿರಬಹುದು. ಕೈ ಹಾಕುವ ಮೊದಲು ಕೋಲಿನಿಂದ ಕದಲಿಸಿ ನೋಡಬೇಕು. ಹಾವು ಕಚ್ಚಿದಲ್ಲಿ ಗಾಯವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ ಕೂಡಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು.

4. ಕಡಲತೀರದ ಕಸ

ಮಳೆಗಾಲದ ಅಲೆಗಳು ಹರಿದ ಬಲೆ, ಥರ್ಮಾಕೋಲ್, ಬಾಟಲಿಗಳನ್ನು ದಂಡೆಗೆ ತಂದು ಹಾಕುತ್ತವೆ. ಮರಳಿನಲ್ಲಿ ಹುದುಗಿದ ಗಾಜಿನ ಚೂರುಗಳ ಕಾರಣ ಬರಿಗಾಲಿನಲ್ಲಿ ಕೆಲಸ ಮಾಡಬಾರದು. ಚೀಲಗಳನ್ನು ಅರ್ಧದಷ್ಟು ಮಾತ್ರ ತುಂಬಿ, ಮೆಟ್ಟಿಲು ಹತ್ತುವಾಗ ಒಂದು ಕೈಯನ್ನು ಬಿಡುವಾಗಿ ಇಟ್ಟುಕೊಳ್ಳಬೇಕು. ಬೇಸಗೆಯ ನಡುಹಗಲಿನಲ್ಲಿ ಭಾರ ಹೊರುವುದನ್ನು ತಪ್ಪಿಸಿ, ಆಗಾಗ್ಗೆ ನೀರು ಕುಡಿಯತಕ್ಕದ್ದು. ಪ್ಲಾಸ್ಟಿಕ್ ಕಸವನ್ನು ದಂಡೆಯಲ್ಲಿಯೇ ಸುಡಬಾರದು. ಅದರ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷವಸ್ತುಗಳಿರುತ್ತವೆ.

ಅಪರಿಚಿತ ಪೀಪಾಯಿ ಅಥವಾ ಪೆಟ್ಟಿಗೆ ತೇಲಿಬಂದಲ್ಲಿ ಮುಟ್ಟಬಾರದು. 2025ರ ಮೇ 25ರಂದು ಕೇರಳದ ಕರಾವಳಿಯಾಚೆ 'ಎಂಎಸ್‌ಸಿ ಎಲ್ಸಾ 3' ಹಡಗು ಮುಳುಗಿ ಅದರ ಕಂಟೇನರ್‌ಗಳು ದಡ ಸೇರಿದಾಗ, ಕನಿಷ್ಠ 200 ಮೀಟರ್ ದೂರದಲ್ಲಿದ್ದು 112ಕ್ಕೆ ತಿಳಿಸುವಂತೆ ಅಲ್ಲಿ ಸೂಚಿಸಲಾಗಿತ್ತು. ಇಲ್ಲಿಯೂ ಅದೇ ಕ್ರಮವನ್ನು ಅನುಸರಿಸುವುದು ಕ್ಷೇಮಕರ.

5. ಇಲಿಜ್ವರ ಮತ್ತು ಮಂಗನ ಕಾಯಿಲೆ

ಇಲಿಜ್ವರದ ಸೂಕ್ಷ್ಮಾಣುಗಳು ಇಲಿಯ ಮೂತ್ರ ಬೆರೆತ ನೀರು ಹಾಗೂ ಕೆಸರಿನಿಂದ ಗಾಯಗಳ ಮೂಲಕ ದೇಹವನ್ನು ಸೇರುತ್ತವೆ. ಮಳೆಗಾಲದಲ್ಲಿ ಚರಂಡಿ ಮತ್ತು ಕಸದ ರಾಶಿಯಲ್ಲಿ ದುಡಿಯುವವರು ಗಮ್ ಬೂಟು ಹಾಗೂ ರಬ್ಬರ್ ಕೈಗವಸು ಧರಿಸಿ, ಗಾಯಗಳನ್ನು ನೀರು ತಾಗದಂತೆ ಮುಚ್ಚಬೇಕು.

ಮಂಗನ ಕಾಯಿಲೆಯನ್ನು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾಯಿತು. ಉತ್ತರ ಕನ್ನಡದಲ್ಲಿಯೂ ಈ ಕಾಯಿಲೆ ವರದಿಯಾಗುತ್ತಾ ಬಂದಿದೆ. ಇದು ಉಣುಗುಗಳ ಕಡಿತದಿಂದ, ಮುಖ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಹರಡುತ್ತದೆ. ಕಾಡಂಚಿನ ಮನೆಗಳ ಸುತ್ತ ಒಣ ತರಗೆಲೆ ತೆಗೆಯುವವರು ಮೈ ಮುಚ್ಚುವ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ವಿತರಿಸುವ ಡೆಪಾ ತೈಲವನ್ನು ಲೇಪಿಸಿಕೊಳ್ಳತಕ್ಕದ್ದು. ಸತ್ತ ಮಂಗ ಕಂಡುಬಂದಲ್ಲಿ ಮುಟ್ಟದೆ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಬೇಕು. ಕೆಲಸದ ನಂತರದ ದಿನಗಳಲ್ಲಿ ಜ್ವರ, ಮೈಕೈ ನೋವು ಕಾಣಿಸಿದಲ್ಲಿ ತಾವು ಮಾಡಿದ ಕೆಲಸವನ್ನು ವೈದ್ಯರಿಗೆ ಹೇಳುವುದು ಅತ್ಯಗತ್ಯ.

6. ಶೌಚಗುಂಡಿಗೆ ಮನುಷ್ಯರನ್ನು ಇಳಿಸುವುದು ಅಪರಾಧ

ಮನೆ ತೆರವಿನ ವೇಳೆ 'ಗುಂಡಿಯನ್ನೂ ಒಮ್ಮೆ ಸ್ವಚ್ಛ ಮಾಡಿಬಿಡಿ' ಎಂದು ಕೆಲಸಗಾರರಿಗೆ ಹೇಳುವುದುಂಟು. ಮುಚ್ಚಿದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ಅನಿಲಗಳು ಸಂಗ್ರಹವಾಗಿರುತ್ತವೆ. ಹೈಡ್ರೋಜನ್ ಸಲ್ಫೈಡ್ ಪ್ರಮಾಣ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯೇ ಕುಂದುವುದರಿಂದ, ವಾಸನೆಯಿಲ್ಲವೆಂದು ನಂಬಿ ಇಳಿದವರು ಕ್ಷಣಮಾತ್ರದಲ್ಲಿ ಪ್ರಜ್ಞೆ ತಪ್ಪುತ್ತಾರೆ. ಅವರನ್ನು ಎತ್ತಲು ಇಳಿದವರೂ ಮೃತಪಡುವ ಸಂಭವ ಅಧಿಕ. ದೀಪ ಹಚ್ಚಿ ಪರೀಕ್ಷಿಸುವುದು ಸ್ಫೋಟಕ್ಕೆ ದಾರಿ.

2013ರ ಡಿಸೆಂಬರ್ 6ರಿಂದ ಜಾರಿಯಲ್ಲಿರುವ, ಮಲಹೊರುವ ಪದ್ಧತಿಯನ್ನು ನಿಷೇಧಿಸುವ ಕಾಯ್ದೆಯನ್ವಯ, ರಕ್ಷಣಾ ಸಾಧನಗಳಿಲ್ಲದೆ ಯಾರನ್ನೇ ಆಗಲಿ ಒಳಚರಂಡಿ ಅಥವಾ ಶೌಚಗುಂಡಿಯ ಅಪಾಯಕಾರಿ ಸ್ವಚ್ಛತೆಗೆ ತೊಡಗಿಸುವಂತಿಲ್ಲ. ಮೊದಲ ಅಪರಾಧಕ್ಕೆ 2 ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ, ಪುನರಾವರ್ತಿತ ಅಪರಾಧಕ್ಕೆ 5 ವರ್ಷ ಮತ್ತು 5 ಲಕ್ಷ ರೂಪಾಯಿಗಳವರೆಗೆ ವಿಧಿಸಬಹುದು. ಮನೆಯ ಮಾಲೀಕರೂ ಇದಕ್ಕೆ ಹೊರತಲ್ಲ. ಕೆಲಸಗಾರರು ತಾವಾಗಿಯೇ ಒಪ್ಪಿದರೆಂಬುದು ಸಮರ್ಥನೆಯಾಗದು. ಗುಂಡಿ ಖಾಲಿ ಮಾಡಲು ಸಕ್ಕಿಂಗ್ ಯಂತ್ರದ ವಾಹನಕ್ಕಾಗಿ ಸ್ಥಳೀಯ ಸಂಸ್ಥೆಯನ್ನು ಕೋರತಕ್ಕದ್ದು.

ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಇಂಥ ಸಾವುಗಳಿಗೆ 10 ಲಕ್ಷ ರೂಪಾಯಿ ಪರಿಹಾರವನ್ನು ನಿಗದಿಪಡಿಸಿತ್ತು. 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಅದನ್ನು 30 ಲಕ್ಷಕ್ಕೆ ಹೆಚ್ಚಿಸಿ, ಶಾಶ್ವತ ಅಂಗವೈಕಲ್ಯಕ್ಕೆ 20 ಲಕ್ಷಕ್ಕೆ ಕಡಿಮೆಯಿಲ್ಲದಂತೆ ನೀಡಲು ಆದೇಶಿಸಿದೆ.

7. ಅವಘಡ ಸಂಭವಿಸಿದಲ್ಲಿ

- ಗುಂಡಿಯಲ್ಲಿ ಪ್ರಜ್ಞೆ ತಪ್ಪಿದವರಿದ್ದಲ್ಲಿ ಯಾರೂ ಒಳಗಿಳಿಯದೆ 112ಕ್ಕೆ ಕರೆ ಮಾಡಿ ಅಗ್ನಿಶಾಮಕ ನೆರವು ಕೋರಬೇಕು.
- ಸೂಜಿ ಚುಚ್ಚಿದಲ್ಲಿ ಗಾಯವನ್ನು ಹಿಸುಕದೆ, ಹರಿಯುವ ನೀರು ಮತ್ತು ಸಾಬೂನಿನಿಂದ ತೊಳೆದು ತಕ್ಷಣ ಆಸ್ಪತ್ರೆಗೆ ತೆರಳಬೇಕು. ಎಚ್‌ಐವಿ ತಡೆ ಔಷಧಿಯನ್ನು 72 ಗಂಟೆಗಳೊಳಗೆ ಆರಂಭಿಸತಕ್ಕದ್ದು.
- ತುಕ್ಕು ಹಿಡಿದ ಕಬ್ಬಿಣ ಅಥವಾ ಗಾಜಿನಿಂದ ಗಾಯವಾದಲ್ಲಿ ಧನುರ್ವಾಯು ನಿರೋಧಕ ಚುಚ್ಚುಮದ್ದಿನ ಬಗ್ಗೆ ವೈದ್ಯರಲ್ಲಿ ವಿಚಾರಿಸಬೇಕು.
- ಆಂಬುಲೆನ್ಸ್ ಸೇವೆಗೆ 108, ಆರೋಗ್ಯ ಸಲಹೆಗೆ 104.

8. ಕೆಲಸಗಾರರ ನೋಂದಣಿ

ಚಿಂದಿ ಆಯುವವರು, ಹಮಾಲರು ಮೊದಲಾದ ಅಸಂಘಟಿತ ಕಾರ್ಮಿಕರು 2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು. ರಾಜ್ಯದ ಯೋಜನೆಗಳ ಬಗ್ಗೆ ಕಾರ್ಮಿಕ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಕೆಲಸಕ್ಕೆ ಕರೆಯುವ ಮನೆಯವರು ಕೈಗವಸು, ಕುಡಿಯುವ ನೀರು, ಕೈ ತೊಳೆಯಲು ಸಾಬೂನು ಒದಗಿಸುವ ಮೂಲಕ ಕೆಲಸಗಾರರ ಆರೋಗ್ಯ ರಕ್ಷಣೆಗೆ ಸಹಕರಿಸಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.