ರಸ್ತೆಯ ಸಾಕ್ಷ್ಯದ ಮುಂದೆ ಗಣಿತದ ಮಾದರಿ: ಸಂಚಾರ ಅನುಕರಣ ಮಾದರಿಗಳ ಮಾಪನಾಂಕ ನಿರ್ಣಯದ ಚರಿತ್ರೆ

ನಗರದ ಒಂದು ವೃತ್ತದಲ್ಲಿ ಮೇಲ್ಸೇತುವೆ ಬೇಕೆ, ಒಂದು ಬೀದಿಯನ್ನು ಏಕಮುಖ ಸಂಚಾರಕ್ಕೆ ಒಳಪಡಿಸಬಹುದೆ, ಹೊಸ ರೈಲುಮಾರ್ಗದಲ್ಲಿ ಎಷ್ಟು ಮಂದಿ ಪ್ರಯಾಣಿಸಿಯಾರು ಎಂಬ ಪ್ರಶ್ನೆಗಳಿಗೆ ಇಂದು ಉತ್ತರ ಹುಡುಕುವುದು ಬಹುಮಟ್ಟಿಗೆ ಗಣಕಯಂತ್ರದೊಳಗೆ ನಿರ್ಮಿಸಿದ ಕಲ್ಪಿತ ನಗರದಲ್ಲಿ. ಅಲ್ಲಿನ ವಾಹನಗಳು ಸಮೀಕರಣಗಳ ಆಜ್ಞೆಯಂತೆ ಚಲಿಸುತ್ತವೆ. ಆದರೆ ಸಮೀಕರಣಗಳು ತಾವಾಗಿಯೇ ಏನನ್ನೂ ಹೇಳಲಾರವು. ಚಾಲಕನು ಎಷ್ಟು ಕ್ಷಣಗಳಲ್ಲಿ ಪ್ರತಿಕ್ರಿಯಿಸುತ್ತಾನೆ, ಮುಂದಿನ ವಾಹನದಿಂದ ಎಷ್ಟು ಅಂತರ ಕಾಯ್ದುಕೊಳ್ಳುತ್ತಾನೆ ಎಂಬಂಥ ನಿಯತಾಂಕಗಳಿಗೆ ಬೆಲೆಗಳನ್ನು ಕೊಟ್ಟ ಮೇಲೆಯೇ ಅವಕ್ಕೆ ಜೀವ ಬರುತ್ತದೆ. ಈ ಬೆಲೆಗಳನ್ನು ನೈಜ ರಸ್ತೆಯ ಅವಲೋಕನಗಳಿಂದ ಪಡೆಯುವ ಕ್ರಿಯೆಗೆ ಮಾಪನಾಂಕ ನಿರ್ಣಯ ಎಂದು ಹೆಸರು. ಸರಕು ತೂಗುವ ಮೊದಲು ತಕ್ಕಡಿಯನ್ನೇ ಪರೀಕ್ಷಿಸುವ ಕ್ರಮಕ್ಕೆ ಇದನ್ನು ಹೋಲಿಸಬಹುದು. ಕಳೆದ ಸುಮಾರು ತೊಂಬತ್ತು ವರ್ಷಗಳಲ್ಲಿ ಡಾಕ್ಟರೇಟ್ ಸಂಶೋಧನೆಗಳೂ ಪ್ರಯೋಗಾಲಯಗಳೂ ಈ ಕಾರ್ಯವನ್ನು ನಡೆಸಿಕೊಂಡು ಬಂದ ಬಗೆಯನ್ನು ನಿರೂಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಮಾದರಿಯು ಎಣಿಕೆಗೆ ಹೊಂದಿಕೊಂಡ ಮಾತ್ರಕ್ಕೆ ಅದು ಸತ್ಯವಾಗುವುದಿಲ್ಲ ಎಂಬುದೇ ಈ ಚರಿತ್ರೆಯ ಮುಖ್ಯ ಪಾಠ.

ಏಳು ಬಿಂದುಗಳ ಸರಳರೇಖೆ

ಸಂಚಾರ ಪ್ರವಾಹದ ಶಾಸ್ತ್ರೀಯ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಬ್ರೂಸ್ ಗ್ರೀನ್‌ಷೀಲ್ಡ್ಸ್ ಪ್ರಮುಖರು. 1934ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದ ಇವರು ಓಹಾಯೋ ರಾಜ್ಯದ ಹೆದ್ದಾರಿಗಳ ಬದಿಯಲ್ಲಿ ಚಲನಚಿತ್ರ ಕ್ಯಾಮರಾ ಇರಿಸಿ, ನಿಯತ ಕಾಲಾಂತರದಲ್ಲಿ ತೆಗೆದ ಚಿತ್ರಗಳಿಂದ ವಾಹನಗಳ ವೇಗವನ್ನೂ ಸಾಂದ್ರತೆಯನ್ನೂ ಗಣಿಸಿದರು. ಸಾಂದ್ರತೆ ಹೆಚ್ಚಿದಂತೆ ವೇಗವು ಸರಳರೇಖೆಯಲ್ಲಿ ಇಳಿಯುತ್ತದೆ ಎಂಬ ಅವರ ಸೂತ್ರ 1935ರಲ್ಲಿ ಪ್ರಕಟವಾಯಿತು. ಇಂದಿಗೂ ವಿದ್ಯಾರ್ಥಿಗಳು ಮೊದಲು ಕಲಿಯುವುದು ಇದೇ ಸೂತ್ರವನ್ನು.

ಆ ಪ್ರಸಿದ್ಧ ರೇಖೆ ನಿಂತಿರುವುದು ಕೇವಲ 7 ಬಿಂದುಗಳ ಮೇಲೆ ಎಂಬುದು ಗಮನಾರ್ಹ. ಅವುಗಳಲ್ಲಿ 6 ಬಿಂದುಗಳು ವಾಹನಗಳು ಸರಾಗವಾಗಿ ಚಲಿಸುತ್ತಿದ್ದ ಸ್ಥಿತಿಗೆ ಸೇರಿದವು. ದಟ್ಟಣೆಯ ಸ್ಥಿತಿಯನ್ನು ಸೂಚಿಸುವ ಏಕೈಕ ಬಿಂದು ಬೇರೊಂದು ರಸ್ತೆಯಿಂದ ಬಂದದ್ದು. ಉಳಿದ ಅವಕಾಶವನ್ನು ತುಂಬಿದ್ದು ಅಳತೆಯಲ್ಲ, ರೇಖೆ. ಗ್ರೀನ್‌ಷೀಲ್ಡ್ಸ್ ಅವರ ಹಿರಿಮೆಗೆ ಇದರಿಂದ ಕುಂದಿಲ್ಲ. ಊಹೆಯ ಬದಲು ರಸ್ತೆಯನ್ನೇ ಕೇಳಬೇಕೆಂಬ ಪದ್ಧತಿಯನ್ನು ಅವರು ತಂದರು. ಆದರೆ ಅಳೆದ ಭಾಗವಾವುದು, ಅಳೆಯದೆ ವಿಸ್ತರಿಸಿದ ಭಾಗವಾವುದು ಎಂಬ ವಿವೇಚನೆ ಅಂದಿನಿಂದಲೇ ಅಗತ್ಯವಾಯಿತು.

ತಂತಿಯಿಂದ ಬೆಸೆದ ಎರಡು ಕಾರುಗಳು

ಎರಡನೆಯ ಘಟ್ಟ ಜನರಲ್ ಮೋಟರ್ಸ್ ಸಂಸ್ಥೆಯ ಪ್ರಯೋಗಾಲಯಕ್ಕೆ ಸಂಬಂಧಿಸಿದ್ದು. ಚಾಂಡ್ಲರ್, ಹರ್ಮನ್ ಮತ್ತು ಮಾಂಟ್ರೊಲ್ 1958ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕಾರನ್ನು ಅನುಸರಿಸುವ ಇನ್ನೊಂದು ಕಾರಿನ ನಡೆಯನ್ನು ಅಳೆದರು. ಎರಡೂ ಕಾರುಗಳ ನಡುವೆ ಸುರುಳಿಯಿಂದ ಬಿಚ್ಚಿಕೊಳ್ಳುವ ತಂತಿಯನ್ನು ಕಟ್ಟಿ, ಅದರ ನೆರವಿನಿಂದ ಅಂತರವನ್ನೂ ಸಾಪೇಕ್ಷ ವೇಗವನ್ನೂ ದಾಖಲಿಸಿದರು. ಹಿಂದಿನ ಚಾಲಕನ ವೇಗೋತ್ಕರ್ಷವು ಎರಡು ಕಾರುಗಳ ವೇಗದ ವ್ಯತ್ಯಾಸಕ್ಕೆ ಅನುಪಾತದಲ್ಲಿದ್ದು, ತುಸು ತಡವಾಗಿ ಪ್ರಕಟವಾಗುತ್ತದೆ ಎಂಬುದು ಅವರ ಮಾದರಿ. ಪರೀಕ್ಷೆಗೆ ಒಳಗಾದವರು 8 ಚಾಲಕರು. ಅವರ ಪ್ರತಿಕ್ರಿಯಾ ಕಾಲ 1.0 ಸೆಕೆಂಡಿನಿಂದ 2.2 ಸೆಕೆಂಡಿನವರೆಗೂ, ಸಂವೇದನೆಯ ಗುಣಾಂಕ 0.17ರಿಂದ 0.74ರವರೆಗೂ ಹರಡಿತ್ತು. ಒಂದೇ ಪರೀಕ್ಷಾಪಥದಲ್ಲಿ ಮನುಷ್ಯನಿಂದ ಮನುಷ್ಯನಿಗೆ ನಾಲ್ಕು ಪಟ್ಟಿಗೂ ಮಿಗಿಲಾದ ಅಂತರ ಕಂಡಿತ್ತು! ‘ಸರಾಸರಿ ಚಾಲಕ’ ಎಂಬ ಕಲ್ಪನೆ ಎಷ್ಟು ದುರ್ಬಲವೆಂಬುದು ಇಲ್ಲಿಯೇ ವ್ಯಕ್ತವಾಯಿತು.

ಗಾಜಿಸ್, ಹರ್ಮನ್ ಮತ್ತು ರೋಥೆರಿ 1961ರಲ್ಲಿ ಈ ಮಾದರಿಯನ್ನು ಹೆಚ್ಚು ವ್ಯಾಪಕ ರೂಪಕ್ಕೆ ತಂದರು. ಆ ಬಳಿಕ ಹಲವು ದೇಶಗಳ ಸಂಶೋಧಕರು ಅದರ ಘಾತಾಂಕಗಳನ್ನು ತಮ್ಮ ತಮ್ಮ ದತ್ತಾಂಶದಿಂದ ನಿರ್ಣಯಿಸಿದರು. 1999ರಲ್ಲಿ ಬ್ರಾಕ್‌ಸ್ಟೋನ್ ಮತ್ತು ಮೆಕ್‌ಡೊನಾಲ್ಡ್ ಈ ಸಾಹಿತ್ಯವನ್ನೆಲ್ಲ ಸಮೀಕ್ಷಿಸಿದಾಗ, ದೊರೆತ ಬೆಲೆಗಳು ಪರಸ್ಪರ ವಿರುದ್ಧವಾಗಿರುವುದು ಕಂಡುಬಂದಿತು. ಮಾದರಿ ಒಂದೇ ಆಗಿದ್ದರೂ ಊರು, ಕಾಲ, ಅಳತೆಯ ವಿಧಾನಗಳು ಬದಲಾದಂತೆ ಉತ್ತರವೂ ಬದಲಾಗಿತ್ತು.

ಒಂದು ಎಣಿಕೆಗೆ ಹಲವು ಉತ್ತರ

ವಾಹನದ ನಡೆಯಷ್ಟೇ ಮುಖ್ಯವಾದ ಇನ್ನೊಂದು ಅಂಶ ಬೇಡಿಕೆ. ಎಂದರೆ ಎಲ್ಲಿಂದ ಎಲ್ಲಿಗೆ ಎಷ್ಟು ಮಂದಿ ಹೋಗುತ್ತಾರೆ ಎಂಬ ಲೆಕ್ಕ. ಮನೆಮನೆಗೆ ಹೋಗಿ ವಿಚಾರಿಸುವ ಸಮೀಕ್ಷೆ ದುಬಾರಿ. ರಸ್ತೆಬದಿಯ ಎಣಿಕೆ ಅಗ್ಗ. ಆದುದರಿಂದ ಎಣಿಕೆಯಿಂದಲೇ ಪ್ರಯಾಣಗಳ ಕೋಷ್ಟಕವನ್ನು ಪಡೆಯುವ ಪ್ರಯತ್ನ ಆರಂಭವಾಯಿತು. ನಗರವನ್ನು 100 ವಲಯಗಳಾಗಿ ವಿಂಗಡಿಸಿದರೆ ವಲಯದಿಂದ ವಲಯಕ್ಕೆ ಹೋಗುವ 9,900 ಜೋಡಿಗಳಾಗುತ್ತವೆ. 300 ಕಡೆ ಎಣಿಕೆ ನಡೆಸಿದರೂ ದೊರೆಯುವುದು 300 ಸಮೀಕರಣಗಳು ಮಾತ್ರ. ಆದ್ದರಿಂದ ಒಂದೇ ಎಣಿಕೆಯನ್ನು ಯಥಾವತ್ತಾಗಿ ಪುನರುತ್ಪಾದಿಸುವ ಕೋಷ್ಟಕಗಳು ಅಸಂಖ್ಯಾತವಾಗಿರಬಲ್ಲವು.

ವ್ಯಾನ್ ಝೂಯ್ಲೆನ್ ಮತ್ತು ವಿಲ್ಲುಮ್ಸೆನ್ 1980ರಲ್ಲಿ ಇವುಗಳ ಪೈಕಿ ಅತ್ಯಂತ ಸಂಭಾವ್ಯವಾದುದನ್ನು ಆಯುವ ವಿಧಾನವನ್ನು ಮಂಡಿಸಿದರು. ಇಟಲಿಯ ಕಸ್ಕೆಟ್ಟಾ 1984ರಲ್ಲಿ ಹಳೆಯ ಕೋಷ್ಟಕಕ್ಕೂ ಹೊಸ ಎಣಿಕೆಗೂ ಅವುಗಳ ವಿಶ್ವಾಸಾರ್ಹತೆಗೆ ತಕ್ಕ ತೂಕ ನೀಡುವ ಕ್ರಮವನ್ನು ತೋರಿದರು. ಎಣಿಕೆಯಲ್ಲಿಲ್ಲದ ಮಾಹಿತಿಯನ್ನು ಹೊರಗಿನಿಂದ ತರಲೇಬೇಕು ಎಂಬುದನ್ನು ಈ ವಿಧಾನಗಳು ಬಹಿರಂಗವಾಗಿ ಒಪ್ಪಿಕೊಂಡವು. ಅದನ್ನು ಮರೆಮಾಚದಿರುವುದೇ ಅವುಗಳ ಬೆಲೆ.

ಪ್ರಬಂಧಗಳ ಕಾಲ

ಗಣಕಯಂತ್ರಗಳ ಸಾಮರ್ಥ್ಯ ಹೆಚ್ಚಿದಂತೆ ಇಡೀ ನಗರಜಾಲವನ್ನು ಅನುಕರಿಸುವುದು ಸಾಧ್ಯವಾಯಿತು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಈ ದಿಕ್ಕಿನಲ್ಲಿ ನಡೆದ ಡಾಕ್ಟರೇಟ್ ಸಂಶೋಧನೆಗಳು ಉಲ್ಲೇಖನೀಯ. ಚೀ ಯಾಂಗ್ ಅವರ 1997ರ ಪ್ರಬಂಧವು ಸಂಚಾರ ನಿರ್ವಹಣೆಯನ್ನು ಪರೀಕ್ಷಿಸುವ ಅನುಕರಣ ಪ್ರಯೋಗಾಲಯವನ್ನು ಕಟ್ಟಿಕೊಟ್ಟಿತು. ಕಾನ್‌ಸ್ಟಾಂಟಿನೋಸ್ ಆಂಟೋನಿಯೋ 2004ರಲ್ಲಿ, ಸಂಚಾರ ನಡೆಯುತ್ತಿರುವಾಗಲೇ ಬರುವ ದತ್ತಾಂಶದಿಂದ ನಿಯತಾಂಕಗಳನ್ನು ತಿದ್ದುತ್ತಹೋಗಲು ಕಾಲ್ಮನ್ ಶೋಧಕವನ್ನು ಬಳಸಿದರು. ರಾಮಚಂದ್ರನ್ ಬಾಲಕೃಷ್ಣ ಅವರ 2006ರ ಪ್ರಬಂಧದ ವಿಷಯ ಬೇಡಿಕೆಯ ಮತ್ತು ರಸ್ತೆಯ ಧಾರಣಶಕ್ತಿಯ ನಿಯತಾಂಕಗಳನ್ನು ಒಟ್ಟಿಗೇ ನಿರ್ಣಯಿಸುವುದು.

ಒಟ್ಟಿಗೇ ಏಕೆ? ತಂಬೂರಿಯ ತಂತಿಗಳನ್ನು ಒಂದೊಂದಾಗಿ ಶ್ರುತಿಗೊಳಿಸಬಹುದು. ಇಲ್ಲಿ ಒಂದನ್ನು ಬಿಗಿದರೆ ಉಳಿದವುಗಳೂ ಸಡಿಲಗೊಳ್ಳುತ್ತವೆ. ರಸ್ತೆಯ ಧಾರಣಶಕ್ತಿಯನ್ನು ತಪ್ಪಾಗಿ ಕಡಿಮೆ ಎಂದೆಣಿಸಿದರೆ, ಅದನ್ನು ಸರಿದೂಗಿಸಲು ಬೇಡಿಕೆಯನ್ನೂ ತಪ್ಪಾಗಿ ತಗ್ಗಿಸಬೇಕಾಗುತ್ತದೆ. ಎರಡು ತಪ್ಪುಗಳು ಸೇರಿ ಎಣಿಕೆಗೆ ಹೊಂದಿಕೊಳ್ಳಬಹುದು. ಆದರೆ ಸಾವಿರಾರು ನಿಯತಾಂಕಗಳನ್ನು ಒಂದೊಂದಾಗಿ ಅಲುಗಿಸಿ ನೋಡಲು ಸಾವಿರಾರು ಬಾರಿ ಅನುಕರಣ ನಡೆಸಬೇಕು. ಜೇಮ್ಸ್ ಸ್ಪಾಲ್ 1992ರಲ್ಲಿ ಮಂಡಿಸಿದ್ದ ಕ್ರಮವಿಧಿ ಇಲ್ಲಿ ನೆರವಿಗೆ ಬಂದಿತು. ಎಲ್ಲ ನಿಯತಾಂಕಗಳನ್ನೂ ಯಾದೃಚ್ಛಿಕವಾಗಿ ಏಕಕಾಲಕ್ಕೆ ಅಲುಗಿಸಿ, ಅವುಗಳ ಸಂಖ್ಯೆ ಎಷ್ಟೇ ಇರಲಿ, ಪ್ರತಿ ಹೆಜ್ಜೆಯ ದಿಕ್ಕನ್ನು ಎರಡೇ ಅನುಕರಣಗಳಿಂದ ಅಂದಾಜಿಸುವುದು ಅದರ ವೈಶಿಷ್ಟ್ಯ. ಲಾಸ್ ಏಂಜಲೀಸ್‌ನ ರಸ್ತೆಜಾಲದ ಮೇಲೆ ಈ ವಿಧಾನದ ಪರೀಕ್ಷೆ ನಡೆಯಿತು.

ವೃತ್ತಿಪರ ವಲಯದಲ್ಲಿ ಹೊಂದಾಣಿಕೆಯ ಅಳತೆಗೋಲಾಗಿ ಬಳಕೆಗೆ ಬಂದುದು 1970ರ ದಶಕದಲ್ಲಿ ಲಂಡನ್ನಿನ ಜೆಫ್ರಿ ಹೇವರ್ಸ್ ರೂಪಿಸಿದ ಸೂತ್ರ. ಗಂಟೆಗೆ 1,000 ವಾಹನಗಳಿರುವಲ್ಲಿ ಮಾದರಿ 1,100 ಎಂದರೆ ಸೂತ್ರದ ಬೆಲೆ ಸುಮಾರು 3.1, 100 ಇರುವಲ್ಲಿ 200 ಎಂದರೆ 8.2. ಬೆಲೆ 5ಕ್ಕಿಂತ ಕಡಿಮೆ ಇದ್ದರೆ ಸ್ವೀಕಾರಾರ್ಹ, ಎಣಿಕೆಯ ಸ್ಥಳಗಳಲ್ಲಿ ಶೇ. 85ರಷ್ಟಾದರೂ ಈ ಮಿತಿಯಲ್ಲಿರಬೇಕು ಎಂಬ ನಿಯಮ ರೂಢಿಯಾಯಿತು. ಇದು ಉಪಯುಕ್ತ ಜರಡಿ. ಆದರೆ ಮೇಲೆ ಹೇಳಿದ ಎರಡು ತಪ್ಪುಗಳ ಒಪ್ಪಂದವನ್ನು ಅದು ಹಿಡಿಯಲಾರದು. ಮಾಪನಾಂಕ ನಿರ್ಣಯಕ್ಕೆ ಬಳಸದ ಬೇರೊಂದು ದಿನದ, ಬೇರೊಂದು ಸ್ಥಳದ ದತ್ತಾಂಶದಿಂದ ಮಾದರಿಯನ್ನು ಒರೆಗೆ ಹಚ್ಚುವ ಸಿಂಧುತ್ವ ಪರೀಕ್ಷೆ ಅನಿವಾರ್ಯವಾಗುವುದು ಈ ಕಾರಣದಿಂದ. ಬ್ರಾಕ್‌ಫೆಲ್ಡ್, ಕ್ಯೂನೆ ಮತ್ತು ವಾಗ್ನರ್ 2004ರಲ್ಲಿ ಜಪಾನಿನ ಹೊಕ್ಕೈಡೊ ಪರೀಕ್ಷಾಪಥದ ದತ್ತಾಂಶದಿಂದ ಹಲವು ಮಾದರಿಗಳನ್ನು ತುಲನೆ ಮಾಡಿದಾಗ, ಹೆಚ್ಚು ನಿಯತಾಂಕಗಳಿದ್ದ ಸಂಕೀರ್ಣ ಮಾದರಿಗಳು ಸರಳ ಮಾದರಿಗಳಿಗಿಂತ ಗಣನೀಯವಾಗಿ ಮೇಲಾಗಿರಲಿಲ್ಲ.

ಅಳತೆಯನ್ನೇ ಅಳೆಯುವ ಅಗತ್ಯ

ಅಮೆರಿಕದ ಒಕ್ಕೂಟ ಹೆದ್ದಾರಿ ಆಡಳಿತವು 2005ರಲ್ಲಿ ಕ್ಯಾಲಿಫೋರ್ನಿಯಾದ ಎರಡು ಹೆದ್ದಾರಿಗಳಲ್ಲಿ ಎತ್ತರದ ಕಟ್ಟಡಗಳಿಂದ ವಿಡಿಯೋ ತೆಗೆಸಿ, ಪ್ರತಿ ವಾಹನದ ಸ್ಥಾನವನ್ನು ಸೆಕೆಂಡಿಗೆ 10 ಬಾರಿ ದಾಖಲಿಸಿ ಲೋಕಕ್ಕೆ ಮುಕ್ತವಾಗಿ ನೀಡಿತು. ಜಗತ್ತಿನಾದ್ಯಂತ ಸಂಶೋಧಕರು ಇದನ್ನು ಬಳಸಿದರು. ಆದರೆ ಪುಂಜೋ ಮತ್ತು ಸಂಗಡಿಗರು 2011ರಲ್ಲಿ ಈ ದತ್ತಾಂಶವನ್ನೇ ಪರಿಶೀಲಿಸಿದಾಗ, ಯಾವ ವಾಹನಕ್ಕೂ ಸಾಧ್ಯವಿಲ್ಲದಂಥ ವೇಗೋತ್ಕರ್ಷಗಳು ಅದರಲ್ಲಿ ಸೇರಿಕೊಂಡಿರುವುದು ಬೆಳಕಿಗೆ ಬಂದಿತು. ತಕ್ಕಡಿಯನ್ನು ಪರೀಕ್ಷಿಸುವ ತೂಕದ ಬಟ್ಟಿನಲ್ಲಿಯೇ ದೋಷವಿತ್ತು.

ಭಾರತದ ರಸ್ತೆಗಳಲ್ಲಿ

ಇಲ್ಲಿಯವರೆಗಿನ ಮಾದರಿಗಳೆಲ್ಲ ವಾಹನಗಳು ಪಥಶಿಸ್ತಿನಿಂದ ಒಂದರ ಹಿಂದೊಂದು ಸಾಗುವ ದೇಶಗಳಲ್ಲಿ ಹುಟ್ಟಿದವು. ಬಸ್ಸು, ಲಾರಿ, ಆಟೋರಿಕ್ಷಾ, ದ್ವಿಚಕ್ರವಾಹನ, ಸೈಕಲ್ಲುಗಳು ಒಂದೇ ಬೀದಿಯಲ್ಲಿ ಸಿಕ್ಕ ಸಂದಿಯಲ್ಲಿ ನುಸುಳುವ ಬೆಂಗಳೂರು, ಚೆನ್ನೈಗಳಂಥ ನಗರಗಳಿಗೆ ಅವುಗಳ ಸಂಖ್ಯೆಗಳನ್ನು ಮಾತ್ರ ಬದಲಿಸಿದರೆ ಸಾಲದು. ‘ಮುಂದಿನ ವಾಹನ’ ಯಾವುದೆಂಬ ಮೂಲ ಕಲ್ಪನೆಯನ್ನೇ ಪುನರ್ವಿಮರ್ಶಿಸಬೇಕು. ಐ.ಐ.ಟಿ. ಮದ್ರಾಸಿನ ವಿ. ತಮಿಳ್ ಅರಸನ್ ಮತ್ತು ರೀಬು ಝಕಾರಿಯಾ ಕೋಶಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಈ ದಿಸೆಯಲ್ಲಿ ಮಹತ್ವದ್ದು. ಅವರು ಪಥಗಳನ್ನು ಕೈಬಿಟ್ಟು ಇಡೀ ರಸ್ತೆಯ ಅಗಲವನ್ನು ಒಂದೇ ಅವಕಾಶವೆಂದು ಭಾವಿಸಿ, ವಾಹನಗಳನ್ನು ಅದರ ಮೇಲೆ ಚಲಿಸುವ ಆಯತಗಳಾಗಿ ನಿರೂಪಿಸಿದರು. ಕನಗರಾಜ್ ಮತ್ತು ಸಂಗಡಿಗರು 2015ರಲ್ಲಿ ಚೆನ್ನೈ ನಗರದ ಒಂದು ರಸ್ತೆಯ ಸುಮಾರು 3,000 ವಾಹನಗಳ ಚಲನಪಥಗಳನ್ನು ಪ್ರಕಟಿಸಿದ ಮೇಲೆ ಮಿಶ್ರಸಂಚಾರದ ಮಾದರಿಗಳನ್ನು ಮಿಶ್ರಸಂಚಾರದ ದತ್ತಾಂಶದಿಂದಲೇ ಪರೀಕ್ಷಿಸಲು ಅನುಕೂಲವಾಯಿತು. ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆಯ ನೇತೃತ್ವದಲ್ಲಿ ಭಾರತೀಯ ಹೆದ್ದಾರಿ ಧಾರಣಶಕ್ತಿ ಕೈಪಿಡಿ 2017ರಲ್ಲಿ ಹೊರಬಂದುದೂ ಇದೇ ಅರಿವಿನ ಫಲ.

ಉಪಸಂಹಾರ

ಈ ಚರ್ಚೆ ಕೇವಲ ಪಂಡಿತರಿಗೆ ಸಂಬಂಧಿಸಿದ್ದಲ್ಲ. ಬೆಂಟ್ ಫ್ಲುಬ್ಯಾ ಮತ್ತು ಸಂಗಡಿಗರು 2005ರಲ್ಲಿ 14 ದೇಶಗಳ 210 ಸಾರಿಗೆ ಯೋಜನೆಗಳನ್ನು ಪರಿಶೀಲಿಸಿದಾಗ, ರೈಲು ಯೋಜನೆಗಳಲ್ಲಿ ಪ್ರಯಾಣಿಕರ ಮುನ್ನಂದಾಜು ವಾಸ್ತವಕ್ಕಿಂತ ಸರಾಸರಿ ಶೇ. 106ರಷ್ಟು ಹೆಚ್ಚಾಗಿತ್ತು. ರಸ್ತೆ ಯೋಜನೆಗಳಲ್ಲಿ ಅರ್ಧದಷ್ಟರ ಅಂದಾಜು ಶೇ. 20ಕ್ಕಿಂತ ಹೆಚ್ಚು ತಪ್ಪಿತ್ತು. ಇದಕ್ಕೆ ಮಾದರಿಗಳ ದೋಷವೊಂದೇ ಕಾರಣವಲ್ಲ. ಯೋಜನೆಗೆ ಒಪ್ಪಿಗೆ ಪಡೆಯುವ ಆತುರವೂ ಕಾರಣವೆಂದು ಆ ವಿದ್ವಾಂಸರು ವಾದಿಸಿದ್ದಾರೆ. ಆದರೆ ಅಂಥ ಆತುರಕ್ಕೆ ತಡೆಯೊಡ್ಡಬಲ್ಲದ್ದು ಪ್ರಾಮಾಣಿಕವಾದ ಮಾಪನಾಂಕ ನಿರ್ಣಯವೇ. ಯಾವ ದತ್ತಾಂಶವನ್ನು ಬಳಸಲಾಯಿತು, ಯಾವುದನ್ನು ಪರೀಕ್ಷೆಗೆಂದು ಮೀಸಲಿಡಲಾಯಿತು, ಯಾವುದನ್ನು ಊಹಿಸಲಾಯಿತು ಎಂಬ ಮೂರು ವಿವರಗಳು ಪ್ರತಿಯೊಂದು ಯೋಜನಾ ವರದಿಯಲ್ಲಿಯೂ ಸಾರ್ವಜನಿಕರಿಗೆ ಕಾಣುವಂತಿರಬೇಕು. ಗ್ರೀನ್‌ಷೀಲ್ಡ್ಸ್ ಅವರ 7 ಬಿಂದುಗಳನ್ನು ಮುಂದಿನ ತಲೆಮಾರು ಪ್ರಶ್ನಿಸಲು ಸಾಧ್ಯವಾದದ್ದು ಅವರು ಅವುಗಳನ್ನು ಮುಚ್ಚಿಡದೆ ಪ್ರಕಟಿಸಿದ್ದರಿಂದ. ರೇಖೆಯನ್ನು ಕಾಲ ತಿದ್ದಿತು; ಬಿಂದುಗಳನ್ನು ಬಹಿರಂಗವಾಗಿಡುವ ಆ ಪದ್ಧತಿ ಇಂದಿಗೂ ಅನುಸರಣೀಯವಾಗಿ ಉಳಿದಿದೆ.