ರಜಾಕಾರ

ಅರಬ್ಬಿ ಮೂಲದ ‘ರಜಾ’ ಎಂದರೆ ಸಮ್ಮತಿ, ಅನುಮತಿ. ನಮ್ಮ ಶಾಲೆಯ ‘ರಜೆ’ಯೂ ಅಲ್ಲಿಂದಲೇ ಬಂದದ್ದು. ಫಾರ್ಸಿಯ ‘ಕಾರ’ ಸೇರಿದರೆ ಸ್ವಯಂಸೇವಕ. ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮನ ಆಳ್ವಿಕೆ ಉಳಿಸಲು ಹೊರಟ ಖಾಸಿಂ ರಜ್ವಿಯ ಪಡೆ ಈ ಒಳ್ಳೆಯ ಹೆಸರನ್ನು ಹೊತ್ತು ಕೆಡಿಸಿತು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸಮೀಪದ ಗೋರ್ಟಾದಲ್ಲಿ ಈ ಪಡೆಯಿಂದ ಹತ್ಯಾಕಾಂಡವೇ ನಡೆಯಿತು. ಹುಮನಾಬಾದ್ ಸೀಮೆಯ ಹಿರಿಯರಿಗೆ ‘ರಜಾಕಾರರ ಹಾವಳಿ’ ಎಂದರೆ ಒಂದು ಕಾಲದ ಹೆಸರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ಬಳಿಕ ಬೀದರ್ ಜಿಲ್ಲೆಯಲ್ಲಾದ ಅಮಾಯಕ ಮುಸ್ಲಿಮರ ಕೊಲೆಗಳನ್ನು ಭಾರತ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ದಾಖಲಿಸಿತು. ಈಗ ಚುನಾವಣಾ ಭಾಷಣಗಳಲ್ಲಿ ‘ರಜಾಕಾರ’ ಪದವನ್ನು ಎದುರಾಳಿಯ ಹಣೆಗೆ ಅಂಟಿಸಿ, ಇಡೀ ಸಮುದಾಯದ ವಿಕಾರ ಚಿತ್ರ ಬರೆಯುವುದು ಎರಡೂ ಕಡೆ ಸತ್ತವರಿಗೆ ಮಾಡುವ ಅನ್ಯಾಯ. ಬಾಂಗ್ಲಾದೇಶದಲ್ಲೂ 1971ರ ಪಾಕಿಸ್ತಾನಪರ ರಜಾಕಾರ ಪಡೆಯಿಂದಾಗಿ ಈ ಪದ ದೇಶದ್ರೋಹಿ ಎಂಬ ಬೈಗುಳ.