ಮುಸ್ಸಂಜೆ ಅಂಕ ಮತ್ತು ಕಿರು ಬೈನಾಕ್ಯುಲರ್: ಕಾಡಿನ ಬೆಳಕಿನಲ್ಲಿ ಒಂದು ಮರುಪರೀಕ್ಷೆ

ಕಿರು ಬೈನಾಕ್ಯುಲರುಗಳ ಮಾಹಿತಿಪಟ್ಟಿಯಲ್ಲಿ ವರ್ಧನೆ, ಮುಂಗಾಜಿನ ವ್ಯಾಸ, ತೂಕಗಳ ಜೊತೆಗೆ ‘ಮುಸ್ಸಂಜೆ ಅಂಕ’ ಎಂಬುದೂ ಕಾಣಿಸುತ್ತದೆ. ವರ್ಧನೆಯನ್ನು ಮಿಲಿಮೀಟರ್ ವ್ಯಾಸದಿಂದ ಗುಣಿಸಿ ವರ್ಗಮೂಲ ತೆಗೆದರೆ ಸಿಗುವ ಸಂಖ್ಯೆ ಅದು. 8×25ಕ್ಕೆ 14.1, 8×30ಕ್ಕೆ 15.5, 10×25ಕ್ಕೆ 15.8. ಕೊನೆಯ ಎರಡು ಸಂಖ್ಯೆಗಳನ್ನು ನಂಬುವುದಾದರೆ, ಜೇಬಿನಲ್ಲಿ ಹಿಡಿಸುವ 10×25 ಬೆಳಕು ಕುಂದಿದಾಗ 8×30ಕ್ಕಿಂತ ಕೂದಲೆಳೆಯಷ್ಟು ಮೇಲು. ಕಾಡಿನ ನೆಲದ ಹಕ್ಕಿಗಳನ್ನು ನೋಡುವವರಿಗೆ ಈ ತೀರ್ಮಾನ ಸಲ್ಲದು ಎಂಬುದು ಈ ಲೇಖನದ ವಾದ.

ಒಪ್ಪಿತ ಸಂಗತಿಗಳನ್ನು ಬೇಗ ಮುಗಿಸಬಹುದು. ಬೈನಾಕ್ಯುಲರನ್ನು ಆಕಾಶದ ಕಡೆ ಹಿಡಿದು ಒಂದಡಿ ದೂರದಿಂದ ನೋಡಿದರೆ ಕಣ್ಗಾಜಿನಲ್ಲಿ ಪುಟ್ಟ ಬೆಳಕಿನ ಬಿಲ್ಲೆಯೊಂದು ಕಾಣುತ್ತದೆ. ಮುಂಗಾಜಿನ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಬರುವುದೇ ಈ ಬಿಲ್ಲೆಯ ವ್ಯಾಸ: 10×25ರಲ್ಲಿ 2.5 ಮಿ.ಮೀ., 8×25ರಲ್ಲಿ 3.1, 8×30ರಲ್ಲಿ 3.75. ಬಿಸಿಲಿನಲ್ಲಿ ಕಣ್ಣಿನ ಪಾಪೆಯೇ 2–3 ಮಿ.ಮೀ.ಗೆ ಕುಗ್ಗಿರುವುದರಿಂದ ಇವುಗಳ ನಡುವಿನ ವ್ಯತ್ಯಾಸ ಅಷ್ಟಾಗಿ ಅರಿವಿಗೆ ಬರುವುದಿಲ್ಲ. ಮುಂಗಾಜಿನ ಸಣ್ಣತನವೂ ಹಗಲಿನಲ್ಲಿ ಅಡ್ಡಿಯಲ್ಲ. ಡಾಸ್ ಸೂತ್ರದ ಪ್ರಕಾರ 25 ಮಿ.ಮೀ. ಮುಂಗಾಜು 4.6 ಕೋನ ಸೆಕೆಂಡುಗಳಷ್ಟು ಹತ್ತಿರದ ಎರಡು ಬಿಂದುಗಳನ್ನು ಬೇರ್ಪಡಿಸಬಲ್ಲದು. ಒಂದು ಕೋನ ನಿಮಿಷದ ವಿವರ ಕಾಣುವ ಆರೋಗ್ಯವಂತ ಕಣ್ಣಿಗೆ ಎಂಟು ಪಟ್ಟು ವರ್ಧನೆಯಲ್ಲಿ ದಕ್ಕುವುದೇ 7.5 ಸೆಕೆಂಡು. ಆದ್ದರಿಂದ ನಡುಹಗಲಿನಲ್ಲಿ ಗೆರೆಪಟಗಳನ್ನಿಟ್ಟು ನಡೆಸುವ ಪರೀಕ್ಷೆಗಳು ಗಾಜಿನ ಗುಣಮಟ್ಟವನ್ನು ಹೇಳುತ್ತವೆ, ಕಿರು ಬೈನಾಕ್ಯುಲರಿನ ನಿಜವಾದ ದೌರ್ಬಲ್ಯವನ್ನಲ್ಲ.

ವಿವಾದ ಇರುವುದು ಮಂದ ಬೆಳಕಿನ ವಿಷಯದಲ್ಲಿ. 1957ರಲ್ಲಿ ಎಚ್. ಕೋಲರ್ ಮತ್ತು ಆರ್. ಲೈನ್‌ಹೋಸ್ ದೂರದರ್ಶಕ ನೋಟದ ನಿಯಮಗಳನ್ನು ಕುರಿತು ಪ್ರಕಟಿಸಿದ ಅಧ್ಯಯನವನ್ನು ಮುಸ್ಸಂಜೆ ಅಂಕದ ಸಮರ್ಥನೆಗೆ ಬಳಸುವುದುಂಟು. ಆದರೆ ಆ ಅಧ್ಯಯನ ಹೇಳುವುದು ಒಂದೇ ಸೂತ್ರವನ್ನಲ್ಲ, ಜಾರುತ್ತ ಹೋಗುವ ಒಂದು ಸಂಬಂಧವನ್ನು. ಹಗಲಿನಲ್ಲಿ ವಿವರ ಗುರುತಿಸುವ ಶಕ್ತಿ ಬಹುಮಟ್ಟಿಗೆ ವರ್ಧನೆಯ ಹಿಂದೆ ಹೋಗುತ್ತದೆ. ಕತ್ತಲಾದಾಗ ಮುಂಗಾಜಿನ ವ್ಯಾಸದ ಹಿಂದೆ. ಇವೆರಡರ ನಡುವಿನ ಒಂದು ಘಟ್ಟದಲ್ಲಿ ಮಾತ್ರ ಎರಡಕ್ಕೂ ಸಮಪಾಲು ಸಿಕ್ಕಿ ವರ್ಗಮೂಲ ಬರುತ್ತದೆ. ಮೂಲ ಸೂತ್ರದಲ್ಲಿ ಗಾಜಿನ ಮೂಲಕ ಹಾದುಹೋಗುವ ಬೆಳಕಿನ ಪ್ರಮಾಣಕ್ಕೂ ಜಾಗವಿತ್ತು. ಮಾಹಿತಿಪಟ್ಟಿಗೆ ಇಳಿಯುವಾಗ ಅದೂ ಬಿದ್ದುಹೋಗಿದೆ. ನನ್ನ ತಕರಾರು ಕೋಲರ್, ಲೈನ್‌ಹೋಸರ ಮೇಲಲ್ಲ. ಒಂದು ಘಟ್ಟದ ಸಂಖ್ಯೆಯನ್ನು ಇಡೀ ಸಂಜೆಗೆ ಹಚ್ಚುವವರ ಮೇಲೆ.

ಕಾಡಿನ ನೆಲ ಆ ಘಟ್ಟವನ್ನು ಯಾವಾಗ ದಾಟುತ್ತದೆ? ಸೂರ್ಯಾಸ್ತದ ಹೊತ್ತಿಗೆ ಮೋಡವಿಲ್ಲದ ಬಯಲಿನಲ್ಲಿ ಸುಮಾರು 400 ಲಕ್ಸ್ ಬೆಳಕಿರುತ್ತದೆ. ದಟ್ಟ ನಿತ್ಯಹರಿದ್ವರ್ಣ ಕಾಡಿನ ನೆಲಕ್ಕೆ ಇಳಿಯುವುದು ಮೇಲಿನ ಬೆಳಕಿನ ನೂರಕ್ಕೆ ಒಂದೆರಡು ಪಾಲು ಮಾತ್ರ, ಅಂದರೆ 4ರಿಂದ 8 ಲಕ್ಸ್. ಬಯಲಿನಲ್ಲಿ ಅಷ್ಟು ಕಡಿಮೆ ಬೆಳಕು ಬರಬೇಕಾದರೆ ಸೂರ್ಯ ದಿಗಂತದಿಂದ ಸುಮಾರು 6 ಡಿಗ್ರಿ ಕೆಳಗಿಳಿಯಬೇಕು. ನಮ್ಮ ಅಕ್ಷಾಂಶದಲ್ಲಿ ಅದಕ್ಕೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಬೇಕು. ಹೀಗೆ ಬಯಲಿನ ಮುಸ್ಸಂಜೆ ಶುರುವಾಗುವ ಹೊತ್ತಿಗೆ ಕಾಡಿನೊಳಗೆ ಅದು ಮುಗಿಯುತ್ತ ಬಂದಿರುತ್ತದೆ. ಇದೇ ಲೆಕ್ಕ ಇನ್ನೊಂದು ನಂಬಿಕೆಯನ್ನೂ ಅಲ್ಲಾಡಿಸುತ್ತದೆ. ಕಾಡಿನಲ್ಲಿ ಕಿರು ಬೈನಾಕ್ಯುಲರ್ ಕೆಲಸಕ್ಕೇ ಬಾರದು ಎನ್ನುವವರಿದ್ದಾರೆ. ಒಂದು ಲಕ್ಷ ಲಕ್ಸಿನ ನಡುಹಗಲಿನಲ್ಲಿ ಅದೇ ನೆಲಕ್ಕೆ ಸಾವಿರ ಲಕ್ಸಿನಷ್ಟು ಬೆಳಕು ಬೀಳುತ್ತದೆ. ವಿವರ ಕಾಣಲು ಕಣ್ಣಿಗೆ ಅಷ್ಟು ಧಾರಾಳ ಸಾಕು.

ಪರೀಕ್ಷೆಗೆ ನಾನು ಆರಿಸಿಕೊಂಡದ್ದು ನೆಲಸಿಳ್ಳಾರದ ಮುಖ. ನಮ್ಮ ಪಶ್ಚಿಮಘಟ್ಟದ ಉಪಜಾತಿಯಲ್ಲಿ ಬಿಳಿ ಕೆನ್ನೆಯ ಮೇಲೆ ಎರಡು ಕಪ್ಪು ಪಟ್ಟೆಗಳು ನೆಟ್ಟಗೆ ಇಳಿದಿರುತ್ತವೆ. ಹಕ್ಕಿ ತರಗೆಲೆ ಕೆದರುತ್ತ ಮರದ ಬುಡದಲ್ಲೇ ಓಡಾಡುವುದರಿಂದ ಈ ಬೆಳಕಿಗೆ ಅದಕ್ಕಿಂತ ಸಹಜವಾದ ಗುರಿ ಸಿಗದು. ಹಕ್ಕಿ ಒಂದೆಡೆ ನಿಲ್ಲುವುದಿಲ್ಲವಾಗಿ ಅದರ ಕೆನ್ನೆಯ ಅಳತೆಯ ಕಾಗದದ ಮೇಲೆ ಪಟ್ಟೆಗಳನ್ನು ಬರೆದು, ತರಗೆಲೆಯ ನಡುವೆ ನಿಲ್ಲಿಸಿ, ಮೂರೂ ಬೈನಾಕ್ಯುಲರುಗಳನ್ನು ಟ್ರೈಪಾಡಿಗೆ ಬಿಗಿದು ನೋಡಿದೆ. ಹಗಲಿನಲ್ಲಿ 10×25 ಎಲ್ಲಕ್ಕಿಂತ ಸ್ಪಷ್ಟವಾಗಿತ್ತು. ಬೆಳಕು ಇಳಿಯುತ್ತ ಬಂದಂತೆ ಪಟ್ಟೆಗಳ ನಡುವಿನ ಬಿಳಿ ಮೊದಲು ಬೂದಿಬಣ್ಣಕ್ಕೆ ತಿರುಗಿ, ಆಮೇಲೆ ಎರಡೂ ಕೂಡಿ ಒಂದೇ ಕಲೆಯಾದವು. ಹೀಗೆ ಮೊದಲು ಕಲೆಯಾದದ್ದು 10×25ರಲ್ಲಿ. 8×30ರಲ್ಲಿ ಅವು ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇರೆಬೇರೆಯಾಗಿ ಉಳಿದವು.

ಇಷ್ಟರಿಂದ, ಕಾಡಿನ ಬೆಳಗು ಬೈಗುಗಳ ಮಟ್ಟಿಗೆ ಕಿರು ಬೈನಾಕ್ಯುಲರುಗಳನ್ನು ಮುಸ್ಸಂಜೆ ಅಂಕದಿಂದ ಅಳೆಯಬಾರದು, ಬಿಲ್ಲೆಯ ವ್ಯಾಸವೇ ಮೇಲಾದ ಅಳತೆ ಎಂದು ಹೇಳಬಹುದೆಂದು ನನಗೆ ತೋರುತ್ತದೆ. ‘ತೋರುತ್ತದೆ’ ಎಂದೇ ಹೇಳಬೇಕು. ನೋಡಿದ್ದು ಒಬ್ಬನ ಕಣ್ಣು. ಮೂರರ ಗಾಜಿನ ಲೇಪನವೂ ಒಂದೇ ಆಗಿರಲಿಲ್ಲ. ರೂಫ್ ಪ್ರಿಸಮ್ಮಿನ ಕನ್ನಡಿ ಲೇಪ ಅಲ್ಯುಮಿನಿಯಮ್ಮಿನದೋ ಡೈಎಲೆಕ್ಟ್ರಿಕ್ಕಿನದೋ ಎಂಬುದರಿಂದಲೇ ಬೆಳಕು ಹೆಚ್ಚುಕಡಿಮೆಯಾಗುತ್ತದೆ. ಟ್ರೈಪಾಡ್ ಕೈನಡುಕವನ್ನು ಕಳೆದದ್ದು 10×25ಕ್ಕೆ ಒಲಿದ ಅನುಕೂಲ. ಕೈಯಲ್ಲಿ ಹಿಡಿದಾಗ ಅದು ಇನ್ನಷ್ಟು ಹಿಂದೆ ಬೀಳುತ್ತದೆಯೇ ಹೊರತು ಮುಂದೆ ಬಾರದು.

ವಯಸ್ಸಿನ ಆಕ್ಷೇಪವೊಂದಿದೆ. ವಯಸ್ಸಾದಂತೆ ಪಾಪೆ ಕತ್ತಲಲ್ಲೂ ಹಿಂದಿನಷ್ಟು ಅರಳುವುದಿಲ್ಲ, ಆದ್ದರಿಂದ ದೊಡ್ಡ ಬಿಲ್ಲೆ ವ್ಯರ್ಥ ಎನ್ನುತ್ತಾರೆ. 7×50ರ 7 ಮಿ.ಮೀ. ಬಿಲ್ಲೆಯ ವಿಷಯದಲ್ಲಿ ಈ ಮಾತು ನಿಜ. ಆದರೆ 5 ಮಿ.ಮೀ.ಗಷ್ಟೇ ಅರಳುವ ಪಾಪೆಗೂ 2.5 ಮಿ.ಮೀ. ಬಿಲ್ಲೆ ಕಾಲು ಭಾಗ ಬೆಳಕನ್ನು ಮಾತ್ರ ತಲುಪಿಸುತ್ತದೆ, 3.75 ಮಿ.ಮೀ. ಬಿಲ್ಲೆ ಅರ್ಧಕ್ಕೂ ಹೆಚ್ಚು. ವಯಸ್ಸಿನ ಸಮಾಧಾನ ಕಿರು ಬೈನಾಕ್ಯುಲರಿನವರಿಗೆ ಸಿಗದು.

10×25 ಎಷ್ಟು ಲಕ್ಸಿನಲ್ಲಿ 8×30ಕ್ಕೆ ಸೋಲುತ್ತದೆ ಎಂಬುದನ್ನು ಗೊತ್ತುಮಾಡಲು ಲಕ್ಸ್ ಮಾಪಕ ಹಿಡಿದು, ಬೇರೆ ಬೇರೆ ವಯಸ್ಸಿನ ಹಲವರನ್ನು ಕೂರಿಸಿ ನೋಡಬೇಕು. ಬಣ್ಣದ ಪ್ರಶ್ನೆ ಇನ್ನೂ ಕಷ್ಟದ್ದು. ನನ್ನ ಗುರಿ ಕಪ್ಪುಬಿಳುಪಿನದು; ನೆಲಸಿಳ್ಳಾರದ ಕಿತ್ತಳೆ ತಲೆಯನ್ನು ಗುರಿಯಾಗಿಸಿದರೆ ಇದೇ ಕ್ರಮ ಉಳಿಯುತ್ತದೆಯೇ ಎಂಬುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕಾಗಿದೆ.